ಕಾರ್ಖಾನೆಗೊಂದು ಮದ್ಯ–ಮಾದಕವಸ್ತು ನೀತಿ: ಬರೆಯುವುದರಿಂದ ಹಿಡಿದು ಊದಿಸುವುದು, ಪರೀಕ್ಷೆ, ಚಿಕಿತ್ಸೆಯವರೆಗೆ

ಬೆಳಗಿನ ಆರು ಗಂಟೆಯ ಶಿಫ್ಟ್. ಪ್ರೆಸ್ ಶಾಪ್‌ನ (ತಗಡು ಒತ್ತುವ ವಿಭಾಗದ) ಆಪರೇಟರ್ ಒಬ್ಬರು ಹಾಜರಿಯ ಪಂಚಿಂಗ್ ಯಂತ್ರದ ಮುಂದೆ ನಿಂತಾಗ ಕೈ ನಡುಗುತ್ತಿತ್ತು, ಹಣೆ ಮೇಲೆ ಬೆವರಿತ್ತು. ಸೆಕ್ಯೂರಿಟಿಯವರಿಗೆ ಅನುಮಾನ ಬಂದು ಊದಿಸಿದರು. ಮೀಟರ್ ಸೊನ್ನೆ ತೋರಿಸಿತು. 'ಕುಡಿದಿಲ್ಲ ಸರ್, ಜೀರೋ ಇದೆ' ಅಂದರು. ಒಳಗೆ ಬಿಡಿ ಅಂದವನು ನಾನೇ. ಒಂಬತ್ತೂವರೆಯ ಟೀ ಹೊತ್ತಿಗೆ ಕ್ಯಾಂಟೀನ್ ಮೆಟ್ಟಿಲ ಮೇಲೆ ಅವರಿಗೆ ಫಿಟ್ಸ್ ಬಂತು. ಹತ್ತು ನಿಮಿಷ ಮೊದಲು ಬಂದಿದ್ದರೆ ಅವರ ಎರಡೂ ಕೈ ಪ್ರೆಸ್ ಯಂತ್ರದ ಡೈ (ಅಚ್ಚು) ಒಳಗೆ ಇರುತ್ತಿದ್ದವು.

ಆಸ್ಪತ್ರೆಯಲ್ಲಿ ವೈದ್ಯರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ: 'ಇವರಿಗೆ ಹೀಗಾಗಿದ್ದು ಕುಡಿದಿದ್ದಕ್ಕಲ್ಲ. ಎರಡು ದಿನದಿಂದ ಕುಡಿಯದೆ ಇದ್ದುದಕ್ಕೆ.' ಹಿಂದಿನ ವಾರ ನಾವೇ ಅವರನ್ನು ಕರೆದು, ಇನ್ನೊಂದು ಸಲ ಸಿಕ್ಕಿಬಿದ್ದರೆ ಕೆಲಸ ಹೋಗುತ್ತದೆ ಎಂದು ಹೆದರಿಸಿ ಕಳಿಸಿದ್ದೆವು. ಹೆದರಿ, ಹದಿನೈದು ವರ್ಷದ ಕುಡಿತವನ್ನು ಒಂದೇ ರಾತ್ರಿಗೆ ಬಿಟ್ಟಿದ್ದರು. ಆಗ ನಮ್ಮ ನೀತಿ ಎಂದರೆ ಗೇಟಿನಲ್ಲಿ ಒಂದು ಮೀಟರ್, ಗೋಡೆಯ ಮೇಲೆ ಒಂದು ಬೋರ್ಡ್, ಅಷ್ಟೇ.

ಕಾರ್ಮಿಕ ಕಲ್ಯಾಣದ ಕೆಲಸದಲ್ಲಿ ಪೀಣ್ಯದ ಕಾರ್ಖಾನೆಗಳ ನಡುವೆಯೇ ವರ್ಷಗಳನ್ನು ಕಳೆದಿದ್ದೇನೆ. ಯಾರಾದರೂ 'ನಮ್ಮಲ್ಲೂ ಒಂದು ಪಾಲಿಸಿ ಮಾಡಿಕೊಡಿ' ಎಂದು ಕೇಳಿದರೆ ನಾನು ಹೇಳುವ ಕ್ರಮ ಮುಂದಿದೆ. ಐವತ್ತು ಜನರ ವರ್ಕ್‌ಶಾಪ್, ಲಾರಿ ಟ್ರಾನ್ಸ್‌ಪೋರ್ಟ್, ಗೋದಾಮು, ಗಾರ್ಮೆಂಟ್ಸ್ ಎಲ್ಲಕ್ಕೂ ಇದು ಹೊಂದುತ್ತದೆ.

ಮೊದಲ ಹೆಜ್ಜೆ: ಪರೀಕ್ಷೆ ಯಾಕೆ ಎಂದು ಒಂದು ಸಾಲಿನಲ್ಲಿ ಬರೆದಿಡಿ

ಉತ್ತರ 'ಕುಡುಕರನ್ನು ಹಿಡಿಯಲು' ಎಂದು ಬಂದರೆ ಅಲ್ಲೇ ನಿಲ್ಲಿಸಿ. ಸರಿಯಾದ ಉತ್ತರ ಇಷ್ಟು: ಯಂತ್ರ ಓಡಿಸುವವರು, ವಾಹನ ಓಡಿಸುವವರು, ಎತ್ತರದಲ್ಲಿ ನಿಂತು ಕೆಲಸ ಮಾಡುವವರು ಆ ಹೊತ್ತಿನಲ್ಲಿ ಕೆಲಸಕ್ಕೆ ತಕ್ಕ ಸ್ಥಿತಿಯಲ್ಲಿ ಇದ್ದಾರೆಯೇ ಎಂದು ತಿಳಿಯಲು. ಹೀಗೆ ಬರೆದರೆ ಉಳಿದ ಎಷ್ಟೋ ಪ್ರಶ್ನೆಗಳು ತಾವಾಗಿಯೇ ಬಗೆಹರಿಯುತ್ತವೆ. ಕರ್ನಾಟಕದಲ್ಲಿ ಮದ್ಯ ಕುಡಿಯುವುದು ಅಪರಾಧವಲ್ಲ. ಭಾನುವಾರ ಮನೆಯಲ್ಲಿ ಕುಡಿದವರು ಸೋಮವಾರ ಸರಿಯಾದ ಸ್ಥಿತಿಯಲ್ಲಿ ಬಂದರೆ ಅದು ಅವರ ಸ್ವಂತ ವಿಷಯ. ಆದರೆ ಕುಡಿಯದೆ ಬಂದರೂ ಕೈ ನಡುಗುತ್ತಿದ್ದರೆ ಅದು ನಿಮ್ಮ ವಿಷಯ. ಗೇಟಿನ ಮೀಟರ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6 ಜನ, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಬಳಸುತ್ತಾರೆ. ಗಂಡಸರಲ್ಲಿ ಇದು ಶೇ 27.3. ಗಾಂಜಾ, ಭಂಗಿ, ಚರಸ್ ಸೇರಿ ಶೇ 2.8. ಈ ಅಂಕಿಗಳನ್ನು ಮುಂದಿಟ್ಟುಕೊಂಡರೆ ನಿಮ್ಮ ಶ್ರಮದ ಮುಕ್ಕಾಲು ಪಾಲು ಎಲ್ಲಿಗೆ ಹೋಗಬೇಕು ಎನ್ನುವುದು ಕಾಣುತ್ತದೆ. ದುಬಾರಿ ಮೂತ್ರಪರೀಕ್ಷೆಯ ಪ್ಯಾಕೇಜ್ ಮಾರಲು ಬರುವವರು ಮದ್ಯದ ವಿಷಯವನ್ನೇ ಎತ್ತುವುದಿಲ್ಲ.

ಎರಡನೇ ಹೆಜ್ಜೆ: ಯಾರ್ಯಾರನ್ನು ಕೂರಿಸಿಕೊಂಡು ಬರೆಯಬೇಕು

ಎಚ್‌ಆರ್ ಒಬ್ಬರೇ ಕುಳಿತು ಬರೆದ ನೀತಿ ಮೊದಲ ಪ್ರಕರಣದಲ್ಲೇ ಮುರಿದುಬೀಳುತ್ತದೆ. ಯೂನಿಯನ್ ಇದ್ದರೆ ಅದರ ಇಬ್ಬರು, ಇಲ್ಲದಿದ್ದರೆ ಕಾರ್ಮಿಕರೇ ಆರಿಸಿದ ಇಬ್ಬರು, ಸುರಕ್ಷತಾ ಅಧಿಕಾರಿ, ಒಬ್ಬ ಶಿಫ್ಟ್ ಸೂಪರ್‌ವೈಸರ್, ಕಾರ್ಖಾನೆಯ ವೈದ್ಯರು ಇರಲೇಬೇಕು. ಹಳೆ ಕುಡಿತ ಬಿಟ್ಟು ಈಗ ಚೆನ್ನಾಗಿರುವ ಕಾರ್ಮಿಕರೊಬ್ಬರು ಒಪ್ಪಿ ಬಂದರೆ ಅವರಿಗಿಂತ ದೊಡ್ಡ ಸಲಹೆಗಾರರು ಸಿಗುವುದಿಲ್ಲ. ಯಾವ ಮಾತಿಗೆ ಜನ ಹೆದರುತ್ತಾರೆ, ಯಾವ ಮಾತಿಗೆ ಬಾಯಿ ಬಿಡುತ್ತಾರೆ ಎನ್ನುವುದು ಅವರಿಗೆ ಗೊತ್ತಿರುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1996ರಲ್ಲಿ ಈ ವಿಷಯಕ್ಕೆಂದೇ ಒಂದು ಆಚರಣಾ ಸಂಹಿತೆ ಪ್ರಕಟಿಸಿದೆ. ಕುಡಿತ, ಮಾದಕವಸ್ತುಗಳ ತೊಂದರೆಯನ್ನು ಆರೋಗ್ಯದ ತೊಂದರೆ ಎಂದು ನೋಡಬೇಕು, ನೀತಿಯನ್ನು ಮಾಲೀಕರು–ಕಾರ್ಮಿಕರು ಸೇರಿಯೇ ಮಾಡಬೇಕು ಎನ್ನುವುದು ಅದರ ತಿರುಳು.

ಮೂರನೇ ಹೆಜ್ಜೆ: ಕಾನೂನು ಎಲ್ಲಿಯವರೆಗೆ ಜೊತೆಗಿರುತ್ತದೆ ನೋಡಿಕೊಳ್ಳಿ

ಖಾಸಗಿ ಕಾರ್ಖಾನೆ ತನ್ನ ನೌಕರರಿಗೆಲ್ಲ ಮಾದಕವಸ್ತು ಪರೀಕ್ಷೆ ಮಾಡಿಸಲೇಬೇಕು ಎಂಬ ಸಾಮಾನ್ಯ ಕಾನೂನು ನಮ್ಮ ದೇಶದಲ್ಲಿಲ್ಲ. ಕೆಲವು ಕ್ಷೇತ್ರಗಳಿಗೆ ಪ್ರತ್ಯೇಕ ನಿಯಮಗಳಿವೆ. ವಿಮಾನಯಾನ ನಿರ್ದೇಶನಾಲಯದ ನಿಯಮದಂತೆ 2022ರ ಜನವರಿ 31ರಿಂದ ವಿಮಾನ ಸಿಬ್ಬಂದಿ ಮತ್ತು ವಾಯು ಸಂಚಾರ ನಿಯಂತ್ರಕರಲ್ಲಿ ವರ್ಷಕ್ಕೆ ಕನಿಷ್ಠ ಶೇ 10 ಮಂದಿಗೆ ಮಾದಕವಸ್ತು ಪರೀಕ್ಷೆ ನಡೆಯಬೇಕು. ಹಾರಾಟಕ್ಕೆ ಮುಂಚಿನ 12 ಗಂಟೆ ಅವರು ಮದ್ಯ ಮುಟ್ಟುವಂತಿಲ್ಲ. ರೈಲು ಚಾಲಕರು ಡ್ಯೂಟಿಗೆ ಸಹಿ ಮಾಡುವಾಗ ಊದಬೇಕು. ರಸ್ತೆಯಲ್ಲಿ ವಾಹನ ಓಡಿಸುವ ಎಲ್ಲರಿಗೂ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಇದೆ: 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಮೀರಿದರೆ ಮೊದಲ ಸಲ 6 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ನಿಮ್ಮಲ್ಲಿ ಲಾರಿ, ಸಿಬ್ಬಂದಿ ಬಸ್ಸು ಓಡುತ್ತಿದ್ದರೆ ಇದು ನೇರವಾಗಿ ಅನ್ವಯಿಸುತ್ತದೆ.

ಉಳಿದವರಿಗೆ ಆಧಾರ ಸ್ಥಾಯಿ ಆದೇಶಗಳು (ಕೆಲಸದ ಷರತ್ತು, ಶಿಸ್ತಿನ ಬಗ್ಗೆ ಸಂಸ್ಥೆಯ ಲಿಖಿತ ನಿಯಮಗಳು) ಮತ್ತು ನೇಮಕಾತಿ ಪತ್ರ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ ಕೈಗಾರಿಕಾ ಸಂಬಂಧ ಸಂಹಿತೆಯಂತೆ 300 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಸ್ಥಾಯಿ ಆದೇಶಗಳು ಕಡ್ಡಾಯ. ನಿಮ್ಮಲ್ಲಿ ಅವು ಇದ್ದರೆ ದುರ್ನಡತೆಯ ಪಟ್ಟಿಯಲ್ಲಿ 'ಕೆಲಸದ ವೇಳೆಯಲ್ಲಿ ಅಮಲಿನಲ್ಲಿರುವುದು' ಸ್ಪಷ್ಟವಾಗಿ ಇದೆಯೇ ಓದಿ ನೋಡಿ. ಇಲ್ಲದಿದ್ದರೆ ಸುಮ್ಮನೆ ನೋಟಿಸ್ ಬೋರ್ಡಿಗೆ ಹಚ್ಚಿದ ಪಾಲಿಸಿಯ ಮೇಲೆ ಶಿಕ್ಷೆ ಕೊಡಲು ಹೋಗಬೇಡಿ. ಚಿಕ್ಕ ಸಂಸ್ಥೆಯಾದರೆ ನೇಮಕಾತಿ ಪತ್ರದಲ್ಲಿ ಸೇರಿಸಿ, ಹಳೆ ನೌಕರರಿಂದ ಓದಿಸಿ ಸಹಿ ಪಡೆಯಿರಿ. ಯೂನಿಯನ್ ಇದ್ದರೆ ಒಪ್ಪಂದದಲ್ಲೇ ಸೇರಿಸಿ.

ಮಾಲೀಕರು ತಪ್ಪು ತಿಳಿದುಕೊಂಡಿರುವ ಇನ್ನೊಂದು ಸಂಗತಿ ಇದೆ. 'ಕುಡಿದು ಅಪಘಾತ ಮಾಡಿಕೊಂಡರೆ ನಾವು ಪರಿಹಾರ ಕೊಡಬೇಕಿಲ್ಲ' ಎನ್ನುತ್ತಾರೆ. 1923ರ ಪರಿಹಾರ ಕಾಯ್ದೆಯಲ್ಲಿದ್ದು ಈಗ ಸಾಮಾಜಿಕ ಭದ್ರತಾ ಸಂಹಿತೆಗೆ ಬಂದಿರುವ ಆ ವಿನಾಯಿತಿ ಸಾವಿಗೂ ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೂ ಅನ್ವಯಿಸುವುದಿಲ್ಲ. ಉಳಿದ ಗಾಯಗಳಲ್ಲೂ ಅಪಘಾತಕ್ಕೆ ನೇರ ಕಾರಣ ಅಮಲೇ ಎಂದು ತೋರಿಸಬೇಕು. ಯಂತ್ರಕ್ಕೆ ಗಾರ್ಡ್ ಇರಲಿಲ್ಲ ಎಂದಾದರೆ ಕಾರ್ಮಿಕರ ಬಾಯಿಯ ವಾಸನೆ ನಿಮ್ಮನ್ನು ಕಾಪಾಡುವುದಿಲ್ಲ.

ಖಾಸಗಿತನದ ಮಾತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದಿತು. ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧದ್ದು, ನಿಜ. ಆದರೆ ಅಲ್ಲಿ ಕೇಳಿದ ಪ್ರಶ್ನೆಗಳನ್ನು ನೀವೂ ಕೇಳಿಕೊಳ್ಳಬೇಕು: ಉದ್ದೇಶ ನ್ಯಾಯವಾದದ್ದೇ, ಉದ್ದೇಶಕ್ಕೆ ಬೇಕಾದಷ್ಟೇ ಕೈ ಹಾಕುತ್ತಿದ್ದೇವೆಯೇ. ಜೊತೆಗೆ 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ–ಮಾದಕವಸ್ತು ದುರ್ಬಳಕೆಯಿಂದಾಗುವ ಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲೇ ಸೇರಿಸಿದೆ. ಹಾಗಾಗಿ ಚಿಕಿತ್ಸೆಯ ಗೋಪ್ಯತೆ ಅವರ ಹಕ್ಕು. ಲೈನ್ ಲೀಡರ್ ಕೈಗೆ ಡಿಸ್ಚಾರ್ಜ್ ಸಮ್ಮರಿ ಸಿಗಬಾರದು.

ನಾಲ್ಕನೇ ಹೆಜ್ಜೆ: ಬರೆಯಿರಿ, ಎರಡು ಪುಟ ಮೀರದಂತೆ

ಹದಿನಾಲ್ಕು ಪುಟದ ಪಾಲಿಸಿಯನ್ನು ಯಾರೂ ಓದುವುದಿಲ್ಲ. ಯಾರಿಗೆ ಅನ್ವಯ (ಎಂಡಿಯಿಂದ ಹಿಡಿದು ಹೌಸ್‌ಕೀಪಿಂಗ್‌ವರೆಗೆ, ಕಾಂಟ್ರ್ಯಾಕ್ಟ್ ಕಾರ್ಮಿಕರೂ ಸೇರಿ), ಏನು ನಿಷೇಧ, ಯಾವಾಗ ಪರೀಕ್ಷೆ, ಯಾವ ಮಟ್ಟ, ಸಿಕ್ಕಿದರೆ ಏನು, ತಾವಾಗಿ ಬಂದು ಹೇಳಿಕೊಂಡರೆ ಏನು. ಇಷ್ಟು ಸಾಕು. ವೈದ್ಯರು ಬರೆದುಕೊಟ್ಟ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್ ಬಗ್ಗೆ ಒಂದು ಸಾಲು ಇರಲಿ. ಅವೂ ಮಂಪರು ತರುತ್ತವೆ, ಆದರೆ ಅದು ತಪ್ಪಲ್ಲ. ಬೇರೆ ಕೆಲಸಕ್ಕೆ ಹಾಕಿದರೆ ಆಯಿತು. ಪೇಂಟ್ ಶಾಪ್, ರಬ್ಬರ್ ಸೊಲ್ಯೂಷನ್ ಬಳಸುವ ಕಡೆ ಥಿನ್ನರ್ ಆವಿಯಿಂದಲೇ ತಲೆ ತಿರುಗುತ್ತದೆ. ಅಲ್ಲಿ ಗಾಳಿಯ ವ್ಯವಸ್ಥೆ ಸರಿಮಾಡದೆ ಕಾರ್ಮಿಕರನ್ನು ಅನುಮಾನಿಸಬಾರದು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಾಲು ಕೊನೆಯದು. ನಾವು ಬರೆದದ್ದು ಹೀಗಿತ್ತು, ಬೇಕಿದ್ದರೆ ಹಾಗೇ ಬಳಸಿಕೊಳ್ಳಿ:

'ಪರೀಕ್ಷೆಯಲ್ಲಿ ಸಿಕ್ಕಿಬೀಳುವ ಮೊದಲೇ ತಾವಾಗಿ ಬಂದು ಸಹಾಯ ಕೇಳುವ ಯಾವ ನೌಕರರ ಮೇಲೂ ಆ ಕಾರಣಕ್ಕೆ ಶಿಸ್ತುಕ್ರಮ ಇಲ್ಲ. ಚಿಕಿತ್ಸೆಗೆ ರಜೆ ಕೊಡಲಾಗುವುದು. ವೈದ್ಯರು ಸರಿ ಎಂದ ಮೇಲೆ ಅದೇ ಸಂಬಳದಲ್ಲಿ ಕೆಲಸಕ್ಕೆ ಸೇರಿಸಿಕೊಳ್ಳಲಾಗುವುದು. ಪರೀಕ್ಷೆಗೆ ಕರೆದ ಮೇಲೆ ಹೇಳಿಕೊಂಡರೆ ಈ ರಕ್ಷಣೆ ಇಲ್ಲ.'

ಈ ಸಾಲು ಇಲ್ಲದ ನೀತಿ ಜನರಿಗೆ ಅಡಗಿಕೊಳ್ಳುವುದನ್ನು ಮಾತ್ರ ಕಲಿಸುತ್ತದೆ. ಕುಡಿದ ದಿನ ಸಿಕ್ ಲೀವ್ ಹಾಕುತ್ತಾರೆ, ಇಲ್ಲವೇ ನಮ್ಮ ಆಪರೇಟರ್ ಹಾಗೆ ಯಾರಿಗೂ ಹೇಳದೆ ನಿಲ್ಲಿಸಿ ಸಾವಿನ ಬಾಗಿಲವರೆಗೆ ಹೋಗುತ್ತಾರೆ.

ಐದನೇ ಹೆಜ್ಜೆ: ಊದಿಸುವುದು

ಮೊದಲು ಒಂದು ಲೆಕ್ಕ. ಒಂದು ಕ್ವಾರ್ಟರ್ ವಿಸ್ಕಿ 180 ಮಿ.ಲೀ., ಶೇ 42.8 ಆಲ್ಕೋಹಾಲ್. ಅಂದರೆ ಸುಮಾರು 61 ಗ್ರಾಂ ಶುದ್ಧ ಆಲ್ಕೋಹಾಲ್. 60 ಕೆ.ಜಿ. ತೂಕದ ಗಂಡಸಿನ ರಕ್ತದಲ್ಲಿ ಅದು 100 ಮಿ.ಲೀ.ಗೆ ಹತ್ತಿರ ಹತ್ತಿರ 150 ಮಿ.ಗ್ರಾಂ. ಆಗುತ್ತದೆ. ದೇಹ ಗಂಟೆಗೆ ಸುಮಾರು 15 ಮಿ.ಗ್ರಾಂ. ಮಾತ್ರ ಕರಗಿಸುತ್ತದೆ. ರಾತ್ರಿ ಹತ್ತಕ್ಕೆ ಕುಡಿದು ಮಲಗಿದವರಲ್ಲಿ ಬೆಳಗ್ಗೆ ಆರಕ್ಕೆ ಇನ್ನೂ 30ರ ಆಸುಪಾಸು ಉಳಿದಿರುತ್ತದೆ. ಮಜ್ಜಿಗೆ, ನಿಂಬೆರಸ, ತಣ್ಣೀರು ಸ್ನಾನ, ಸ್ಟ್ರಾಂಗ್ ಕಾಫಿ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಈ ಲೆಕ್ಕವನ್ನು ಕಾರ್ಮಿಕರ ಸಭೆಯಲ್ಲಿ ಬೋರ್ಡ್ ಮೇಲೆ ಬರೆದು ತೋರಿಸಿ. 'ರಾತ್ರಿ ಹಾಕಿದ್ದು ಬೆಳಗ್ಗೆ ಎಲ್ಲಿರುತ್ತೆ ಸರ್' ಎಂದು ಪ್ರಾಮಾಣಿಕವಾಗಿ ಕೇಳುವವರು ಬಹಳ ಜನ. ಮೊದಲ ಸಭೆಯ ನಂತರ ನಮ್ಮಲ್ಲಿ ಇಬ್ಬರು ತಾವಾಗಿಯೇ ಬಂದು ಮೊದಲ ಶಿಫ್ಟ್ ಬೇಡ, ಎರಡನೇ ಶಿಫ್ಟ್‌ಗೆ ಹಾಕಿ ಎಂದರು. ಅಲ್ಲಿಂದಲೇ ಅವರೊಡನೆ ಮಾತು ಶುರುವಾಯಿತು.

ಫ್ಯೂಯಲ್ ಸೆಲ್ ಸೆನ್ಸರ್ ಇರುವ ಮೀಟರ್ ಕೊಳ್ಳಿ. ಅಗ್ಗದ ಸೆಮಿಕಂಡಕ್ಟರ್ ಸೆನ್ಸರ್‌ಗಳು ಸಕ್ಕರೆ ಕಾಯಿಲೆಯವರ ಉಸಿರಿನ ಅಸಿಟೋನ್‌ಗೂ ಏರಿಬಿಡುತ್ತವೆ. ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ತಪಾಸಣೆ) ದಿನಾಂಕದ ಚೀಟಿ ಯಂತ್ರದ ಮೇಲೇ ಇರಲಿ. ಅವಧಿ ಮುಗಿದ ಯಂತ್ರದಲ್ಲಿ ಬಂದ ಅಂಕಿ ವಿಚಾರಣೆಯಲ್ಲಿ ನಿಲ್ಲುವುದಿಲ್ಲ. ಕೆಲವು ಮೀಟರ್ 30 ಎಂದು ತೋರಿಸಿದರೆ ಕೆಲವು 0.030 ಎಂದು ತೋರಿಸುತ್ತವೆ, ಎರಡೂ ಒಂದೇ. ಸೆಕ್ಯೂರಿಟಿಯವರಿಗೆ ಇದನ್ನು ಹೇಳಿಕೊಡದೆ ಬಿಟ್ಟರೆ 0.030 ಅನ್ನು 'ಏನೂ ಇಲ್ಲ' ಎಂದು ಓದುತ್ತಾರೆ.

ಊದಿಸುವ ಮುಂಚೆ 15 ನಿಮಿಷ ಕೂರಿಸಿ. ಆ ಹೊತ್ತಿನಲ್ಲಿ ಏನೂ ತಿನ್ನಬಾರದು, ಕುಡಿಯಬಾರದು. ಬಾಯಿ ಮುಕ್ಕಳಿಸುವ ಮೌತ್‌ವಾಶ್, ಕೆಮ್ಮಿನ ಸಿರಪ್, ಆಯುರ್ವೇದದ ಆಸವ–ಅರಿಷ್ಟಗಳಲ್ಲಿ ಆಲ್ಕೋಹಾಲ್ ಇರುತ್ತದೆ. ಬಾಣಂತನ ಮುಗಿಸಿ ಬಂದ ಹೆಣ್ಣುಮಗಳು ಬೆಳಗ್ಗೆ ದಶಮೂಲಾರಿಷ್ಟ ಕುಡಿದು ನೇರ ಗೇಟಿಗೆ ಬಂದರೆ ಮೀಟರ್ ಕೂಗಬಹುದು. ಬಾಯಲ್ಲಿ ಉಳಿದದ್ದು 15 ನಿಮಿಷದಲ್ಲಿ ಇಳಿಯುತ್ತದೆ, ರಕ್ತದಲ್ಲಿರುವುದು ಇಳಿಯುವುದಿಲ್ಲ. ಆದ್ದರಿಂದ ಮೊದಲ ಸಲ ಏನಾದರೂ ತೋರಿಸಿದರೆ ಇನ್ನೊಂದು 15 ನಿಮಿಷ ಬಿಟ್ಟು ಎರಡನೇ ಸಲ ಊದಿಸಿ, ಎರಡನೆಯದನ್ನೇ ಲೆಕ್ಕಕ್ಕೆ ಹಿಡಿಯಿರಿ. ಸ್ಯಾನಿಟೈಸರ್ ಬಾಟಲಿ ಪಕ್ಕದಲ್ಲಿ ಬೇಡ. ಪ್ರತಿಯೊಬ್ಬರಿಗೂ ಹೊಸ ನಳಿಗೆ, ಅವರ ಕಣ್ಣೆದುರೇ ಕವರ್ ಹರಿದು ಹಾಕಬೇಕು.

ಗೇಟಿನ ಸಾಲಿನಲ್ಲಿ ಎಲ್ಲರ ಮುಂದೆ ಊದಿಸಿ ಅಂಕಿ ಕೂಗಿ ಹೇಳುವುದನ್ನು ಕಂಡಿದ್ದೇನೆ. ಅದು ಮನುಷ್ಯನ ಮಾನ ಹರಾಜು ಹಾಕುವುದು. ಪಕ್ಕದಲ್ಲಿ ಒಂದು ಕೋಣೆ ಮಾಡಿ. ಯಾದೃಚ್ಛಿಕ ಪರೀಕ್ಷೆ ಎಂದರೆ ಚೀಟಿ ಎತ್ತಿ ಅಥವಾ ಕಂಪ್ಯೂಟರ್‌ನಲ್ಲಿ ಹೆಸರು ಆರಿಸಬೇಕು, ಸೂಪರ್‌ವೈಸರ್‌ಗೆ ಯಾರ ಮೇಲೆ ಸಿಟ್ಟಿದೆ ಎಂದು ನೋಡಿ ಅಲ್ಲ. ಆ ಚೀಟಿಗಳಲ್ಲಿ ಮ್ಯಾನೇಜರ್‌ಗಳ ಹೆಸರೂ ಇರಬೇಕು. ನಮ್ಮಲ್ಲಿ ಪ್ಲಾಂಟ್ ಹೆಡ್ ಬಂದು ಸಾಲಿನಲ್ಲಿ ಕೂತು ಊದಿದ ದಿನ ಯೂನಿಯನ್‌ನವರ ತಕರಾರು ಅರ್ಧ ಇಳಿಯಿತು.

ಮಟ್ಟ ಎಷ್ಟಿರಲಿ? ಅಮೆರಿಕದ ಸಾರಿಗೆ ಇಲಾಖೆ ಎರಡು ಮೆಟ್ಟಿಲು ಇಟ್ಟಿದೆ: 0.02ಕ್ಕೆ ಆ ಹೊತ್ತಿನ ಕೆಲಸದಿಂದ ಇಳಿಸುವುದು, 0.04ಕ್ಕೆ ಉಲ್ಲಂಘನೆ ಎಂದು ಪರಿಗಣಿಸುವುದು. ಎರಡು ಮೆಟ್ಟಿಲಿನ ಆಲೋಚನೆ ನನಗೆ ಸರಿ ಎನಿಸುತ್ತದೆ. ಖಚಿತವಾದ ಯಾವ ಅಂಕಿ ಬಂದರೂ ಪ್ರೆಸ್, ಕ್ರೇನ್, ಫೋರ್ಕ್‌ಲಿಫ್ಟ್, ಸ್ಟೇರಿಂಗ್ ಮುಟ್ಟಿಸಬೇಡಿ. ಮೊದಲ ಸಲ, 30ರ ಒಳಗಿದ್ದರೆ ಅದನ್ನು ದುರ್ನಡತೆ ಎಂದು ಬರೆಯದೆ ಕಲ್ಯಾಣಾಧಿಕಾರಿ ಬಳಿ ಕಳಿಸಿ. 30 ಮೀರಿದರೆ ಶಿಸ್ತಿನ ದಾರಿ.

ಆರನೇ ಹೆಜ್ಜೆ: ಮೂತ್ರಪರೀಕ್ಷೆ, ಬೇಕಾದಲ್ಲಿ ಮಾತ್ರ

ಉಸಿರಿನ ಪರೀಕ್ಷೆ ಈಗಿನ ಸ್ಥಿತಿ ಹೇಳುತ್ತದೆ. ಮೂತ್ರಪರೀಕ್ಷೆ ಹಿಂದಿನ ದಿನಗಳ ಕಥೆ ಹೇಳುತ್ತದೆ. ಹೆರಾಯಿನ್, ಮಾರ್ಫಿನ್, ಕೊಕೇನ್, ಆಂಫೆಟಮೈನ್ ಎಲ್ಲ ಸಾಮಾನ್ಯವಾಗಿ ಎರಡು–ನಾಲ್ಕು ದಿನ ಕಾಣುತ್ತವೆ. ಗಾಂಜಾ ಒಮ್ಮೆ ಸೇದಿದವರಲ್ಲಿ ಎರಡು ಮೂರು ದಿನ, ದಿನಾ ಸೇದುವವರಲ್ಲಿ ಬಿಟ್ಟ ಮೇಲೂ ತಿಂಗಳವರೆಗೆ ಕಾಣಬಹುದು. ಹಾಗಾಗಿ ಗಾಂಜಾ ಪಾಸಿಟಿವ್ ಬಂತು ಎಂದರೆ ಆ ವ್ಯಕ್ತಿ ಈಗ ಅಮಲಿನಲ್ಲಿದ್ದಾರೆ ಎಂದು ಅರ್ಥವಲ್ಲ. ಇದೇ ಕಾರಣಕ್ಕೆ ಕ್ಯಾಲಿಫೋರ್ನಿಯಾದಲ್ಲಿ 2024ರ ಜನವರಿ 1ರಿಂದ, ಅಮಲು ಮುಗಿದ ಮೇಲೂ ಉಳಿಯುವ ಗಾಂಜಾ ಕುರುಹಿನ ಆಧಾರದ ಮೇಲೆ ಬಹುತೇಕ ಮಾಲೀಕರು ನೌಕರರನ್ನು ಶಿಕ್ಷಿಸುವಂತಿಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಅಮೆರಿಕದ ಕ್ಲೈಂಟ್ ಕೇಳಿದರೆಂದು ಪ್ರಾಜೆಕ್ಟ್‌ಗೆ ಮೊದಲು ಪರೀಕ್ಷೆ ಮಾಡಿಸುವುದುಂಟು. ಕೀಬೋರ್ಡ್ ಮುಂದೆ ಕೂರುವ ಕೆಲಸಕ್ಕೆ ಯಾದೃಚ್ಛಿಕ ಮೂತ್ರಪರೀಕ್ಷೆ ಅತಿಯಾಯಿತು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಪಾಯದ ಕೆಲಸಕ್ಕೆ ಸೇರಿಸಿಕೊಳ್ಳುವಾಗ, ಅಪಘಾತದ ನಂತರ, ಬರಹದಲ್ಲಿ ದಾಖಲಾದ ಅನುಮಾನವಿದ್ದಾಗ, ಚಿಕಿತ್ಸೆಯಿಂದ ವಾಪಸ್ ಬಂದ ಮೇಲೆ ಒಪ್ಪಿಗೆಯ ಮೇರೆಗೆ. ಈ ನಾಲ್ಕಕ್ಕೆ ಸೀಮಿತಗೊಳಿಸಿ.

ಮಾಡಿಸುವಾಗ ಕ್ರಮ ತಪ್ಪಬಾರದು. ಲಿಖಿತ ಒಪ್ಪಿಗೆ, ಅವರಿಗೆ ಬರುವ ಭಾಷೆಯಲ್ಲಿ. ಒಡಿಶಾ, ಬಿಹಾರ, ಅಸ್ಸಾಂನಿಂದ ಬಂದವರಿಗೆ ಕನ್ನಡದ ಫಾರ್ಮ್ ಮೇಲೆ ಹೆಬ್ಬೆಟ್ಟು ಹಾಕಿಸಿದರೆ ಅದು ಒಪ್ಪಿಗೆಯಲ್ಲ. ಹೆಂಗಸರಿಗೆ ಹೆಂಗಸರೇ ಇರಬೇಕು. ಮಾದರಿ ಕೊಟ್ಟ 4 ನಿಮಿಷದೊಳಗೆ ಅದರ ಬಿಸಿ 32ರಿಂದ 38 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಅದು ಅವರದೇ, ಆಗತಾನೇ ಕೊಟ್ಟದ್ದು ಎನ್ನಲು ಆಧಾರ. ಹೀಗಾಗಿ ಬಾತ್‌ರೂಮ್ ಒಳಗೆ ನಿಂತು ನೋಡುವ ಹೀನ ಪದ್ಧತಿಯ ಅಗತ್ಯವೇ ಇಲ್ಲ. 45 ಮಿ.ಲೀ. ತೆಗೆದುಕೊಂಡು 30 ಮತ್ತು 15 ಎಂದು ಎರಡು ಬಾಟಲಿಗೆ ಹಂಚಿ, ಅವರ ಎದುರೇ ಸೀಲ್ ಮಾಡಿ, ಸೀಲ್ ಮೇಲೆ ಅವರ ಸಹಿ ಹಾಕಿಸಿ. ಎರಡನೇ ಬಾಟಲಿ ಅವರ ಹಕ್ಕು. ಮೊದಲ ಫಲಿತಾಂಶ ಒಪ್ಪದಿದ್ದರೆ ಬೇರೆ ಲ್ಯಾಬ್‌ಗೆ ಕಳಿಸಲು ಅದು ಇರಬೇಕು. ಬಾಟಲಿ ಯಾರ ಕೈಯಿಂದ ಯಾರ ಕೈಗೆ ಎಷ್ಟು ಹೊತ್ತಿಗೆ ಹೋಯಿತು ಎಂಬುದೆಲ್ಲ ಒಂದೇ ಹಾಳೆಯಲ್ಲಿ ಬರೆದಿರಬೇಕು.

ಮೂತ್ರದಲ್ಲಿ ಅದ್ದಿ ನೋಡುವ ಹತ್ತು ನಿಮಿಷದ ಸ್ಟ್ರಿಪ್ ಫಲಿತಾಂಶದ ಮೇಲೆ ಯಾರ ಕೆಲಸವನ್ನೂ ತೆಗೆಯಬೇಡಿ. ಸ್ಟ್ರಿಪ್ ಒಂದು ಜರಡಿ ಮಾತ್ರ. ಗ್ಯಾಸ್ ಕ್ರೊಮಟೋಗ್ರಫಿ ಅಥವಾ ಲಿಕ್ವಿಡ್ ಕ್ರೊಮಟೋಗ್ರಫಿ ಜೊತೆಗೆ ಮಾಸ್ ಸ್ಪೆಕ್ಟ್ರೋಮೆಟ್ರಿ ಮಾಡುವ, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ನ ದೃಢೀಕರಣ ಬೇಕು. ಆಮೇಲೆ ವೈದ್ಯರೊಬ್ಬರು ಆ ನೌಕರರೊಡನೆ ಮಾತಾಡಿ, ಯಾವ ಔಷಧಿ ತೆಗೆದುಕೊಳ್ಳುತ್ತಿದ್ದರು ಕೇಳಬೇಕು. ಕೊಡೀನ್ ಇರುವ ಕೆಮ್ಮಿನ ಸಿರಪ್ ದೇಹದಲ್ಲಿ ಮಾರ್ಫಿನ್ ಆಗಿಯೂ ಬದಲಾಗುತ್ತದೆ.

ನಮ್ಮ ಅಡುಗೆಮನೆಗೇ ಸೇರಿದ ಒಂದು ಸಂಗತಿ: ಗಸಗಸೆ. ಅದು ಅಫೀಮು ಗಿಡದ ಬೀಜವೇ. ಬೀಜದ ಮೇಲೆ ಅಂಟಿದ ಮಾರ್ಫಿನ್ ಅಂಶ ಮೂತ್ರದಲ್ಲಿ ಕಾಣಬಲ್ಲದು. ಬ್ರೆಡ್, ಕೇಕ್ ಮೇಲಿನ ಗಸಗಸೆಯಿಂದಲೇ ಜನ ಸಿಕ್ಕಿಬೀಳುತ್ತಿದ್ದರೆಂದು ಅಮೆರಿಕ ಸರ್ಕಾರ 1998ರಲ್ಲಿ ಓಪಿಯೇಟ್ (ಅಫೀಮು ಜಾತಿಯ ವಸ್ತು) ಪರೀಕ್ಷೆಯ ಮಟ್ಟವನ್ನು ಒಂದು ಮಿ.ಲೀ. ಮೂತ್ರಕ್ಕೆ 300ರಿಂದ 2,000 ನ್ಯಾನೊಗ್ರಾಂಗೆ ಏರಿಸಿತು. ನಾವು ಚಿಟಿಕೆಯಷ್ಟು ಉದುರಿಸುವವರಲ್ಲ. ಹುರಿದು, ಅಕ್ಕಿ–ತೆಂಗಿನಕಾಯಿ ಜೊತೆ ರುಬ್ಬಿ, ಲೋಟಗಟ್ಟಲೆ ಪಾಯಸ ಕುಡಿಯುವವರು. ಸ್ಟ್ರಿಪ್‌ಗಳು 300ರ ಮಟ್ಟದಲ್ಲೂ 2,000ದ ಮಟ್ಟದಲ್ಲೂ ಮಾರುಕಟ್ಟೆಯಲ್ಲಿವೆ. ಪ್ಯಾಕೆಟ್ ತಿರುಗಿಸಿ ನೋಡಿ, 300ರದು ಬೇಡವೆನ್ನಿ. ಹಬ್ಬದ ಮರುದಿನ ಪರೀಕ್ಷೆ ಇಡಬೇಡಿ. ಗಲ್ಫ್‌ಗೆ ಕೆಲಸಕ್ಕೆ ಹೊರಟ ಕರಾವಳಿಯ ಹುಡುಗರಿಗೆ ಇನ್ನೂ ಒಂದು ಮಾತು: ಯುಎಇಯಲ್ಲಿ ಗಸಗಸೆಯೇ ನಿಷೇಧಿತ ವಸ್ತು. ಅಮ್ಮ ಕಟ್ಟಿಕೊಟ್ಟ ಮಸಾಲೆ ಡಬ್ಬಿಯಲ್ಲಿ ಅದು ಇರದಂತೆ ನೋಡಿಕೊಳ್ಳಿ.

ಭಂಗಿಯದ್ದೂ ಹೀಗೇ. ಹೂ–ಕಾಯಿಯ ತುದಿ ಸೇರದ ಬರೀ ಎಲೆ 1985ರ ಮಾದಕವಸ್ತು ಕಾಯ್ದೆಯ ಗಾಂಜಾ ವ್ಯಾಖ್ಯೆಯೊಳಗೆ ಬರುವುದಿಲ್ಲ. ಆದರೆ ಮೂತ್ರಪರೀಕ್ಷೆಗೆ ಶಿವರಾತ್ರಿಯ ಭಂಗಿಗೂ ಗಾಂಜಾ ಬೀಡಿಗೂ ವ್ಯತ್ಯಾಸ ಗೊತ್ತಾಗದು.

ಏಳನೇ ಹೆಜ್ಜೆ: ಅನುಮಾನ ಬಂದ ದಿನ ಏನು ಮಾಡಬೇಕು

ಸೂಪರ್‌ವೈಸರ್ ಒಬ್ಬರೇ ತೀರ್ಮಾನಿಸಬಾರದು. ಇಬ್ಬರು ನೋಡಿ, ಕಂಡದ್ದನ್ನು ಕಂಡಂತೆ ಬರೆಯಬೇಕು. 'ಕುಡಿದಿದ್ದರು' ಎಂದು ಬರೆಯಬೇಡಿ. 'ಬೆಳಗ್ಗೆ 6.10. ನಡೆಯುವಾಗ ಎಡಕ್ಕೆ ವಾಲಿದರು. ಮಾತು ತೊದಲುತ್ತಿತ್ತು. ಬಾಯಿಂದ ವಾಸನೆ ಇತ್ತು. ಮೀಟರ್ 6.30ಕ್ಕೆ 84, 6.46ಕ್ಕೆ 81' ಎಂದು ಬರೆಯಿರಿ. ವಾಸನೆ, ತೂರಾಟ, ತೊದಲು ಮಾತು ಇಷ್ಟರಿಂದಲೇ ಕುಡಿದಿದ್ದರು ಎನ್ನಲಾಗದು, ರಕ್ತ–ಮೂತ್ರ ಪರೀಕ್ಷೆ ಆಗಿರಲಿಲ್ಲ ಎಂದು ಸುಪ್ರೀಂ ಕೋರ್ಟ್ 1971ರಲ್ಲಿ ಬಚ್ಚುಭಾಯಿ ಹಸನಲ್ಲಿ ಕರ್ಯಾನಿ ಪ್ರಕರಣದಲ್ಲಿ ಹೇಳಿದೆ. ಅದು ಕ್ರಿಮಿನಲ್ ಮೊಕದ್ದಮೆ, ಆಂತರಿಕ ವಿಚಾರಣೆಗೆ ಅಷ್ಟು ಗಟ್ಟಿ ಪುರಾವೆ ಬೇಕಿಲ್ಲ. ಆದರೂ ಅಂಕಿ ಇಲ್ಲದ ದೂರು ಬಡವಾಗಿಯೇ ಉಳಿಯುತ್ತದೆ.

ಇದೇ ಲಕ್ಷಣಗಳು ರಕ್ತದಲ್ಲಿ ಸಕ್ಕರೆ ಇಳಿದಾಗಲೂ, ಪಾರ್ಶ್ವವಾಯು ಶುರುವಾಗುವಾಗಲೂ, ತಲೆಗೆ ಏಟು ಬಿದ್ದಾಗಲೂ ಇರುತ್ತವೆ. ಮೀಟರ್ ಸೊನ್ನೆ, ಮನುಷ್ಯ ಸರಿಯಿಲ್ಲ ಎಂದರೆ ಅದು ಆಸ್ಪತ್ರೆಗೆ ಓಡುವ ಹೊತ್ತು. ದಿನಾ ಕುಡಿಯುವವರು ಥಟ್ಟನೆ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು ಶುರುವಾಗುತ್ತದೆ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದಲ್ಲಿ ಇಲ್ಲದ್ದು ಕಾಣುವ, ಗೊಂದಲ ಹತ್ತುವ, ಜೀವಕ್ಕೇ ಅಪಾಯವಾದ ಸನ್ನಿ ಬರಬಹುದು.

ಅಮಲಿನಲ್ಲಿದ್ದವರನ್ನು ಗೇಟಿನಾಚೆ ತಳ್ಳಿ ಬಿಡಬೇಡಿ. ಬೈಕ್ ಕೀ ಇಸಿದುಕೊಂಡು, ಮನೆಯವರನ್ನು ಕರೆಸಿ ಅಥವಾ ಕಂಪನಿ ಗಾಡಿಯಲ್ಲೇ ಬಿಟ್ಟುಬನ್ನಿ. ತುಮಕೂರು ರಸ್ತೆಯಲ್ಲಿ ಅವರು ಲಾರಿ ಕೆಳಗೆ ಬಿದ್ದರೆ ಯಾವ ಪಾಲಿಸಿಯೂ ಆ ಮನೆಗೆ ಉತ್ತರ ಹೇಳುವುದಿಲ್ಲ.

ಲಾಕರ್‌ನಲ್ಲಿ ಗಾಂಜಾ ಪೊಟ್ಟಣ ಸಿಕ್ಕರೆ ನೀವು ಎತ್ತಿಟ್ಟುಕೊಳ್ಳಬೇಡಿ, ಟಾಯ್ಲೆಟ್‌ಗೆ ಸುರಿಯಬೇಡಿ. ಇಬ್ಬರು ಸಾಕ್ಷಿಗಳೊಡನೆ ಅಲ್ಲೇ ಬೀಗ ಹಾಕಿ ಪೊಲೀಸರಿಗೆ ತಿಳಿಸಿ. ಗೊತ್ತಿದ್ದೂ ತನ್ನ ಜಾಗದಲ್ಲಿ ಇದು ನಡೆಯಲು ಬಿಟ್ಟವರೂ ಮಾದಕವಸ್ತು ಕಾಯ್ದೆಯ 25ನೇ ಕಲಂನಡಿ ಸಿಕ್ಕಿಕೊಳ್ಳುತ್ತಾರೆ. ಮೂತ್ರಪರೀಕ್ಷೆಯ ವರದಿ ಬೇರೆ ವಿಷಯ. ಅದು ವೈದ್ಯಕೀಯ ಕಾಗದ, ವೈದ್ಯರ ಬಳಿಯೇ ಇರಲಿ. ವ್ಯಸನಿಗಳು ತಾವಾಗಿ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಅದೇ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಇದನ್ನು ನೌಕರರಿಗೆ ಹೇಳಿ.

ಎಂಟನೇ ಹೆಜ್ಜೆ: ವಿಚಾರಣೆ

ಇಲ್ಲಿ ಹೊಸದೇನಿಲ್ಲ. ಆಪಾದನಾ ಪತ್ರ, ಉತ್ತರಕ್ಕೆ ಸಮಯ, ಪ್ರಕರಣಕ್ಕೆ ಸಂಬಂಧವಿಲ್ಲದ ವಿಚಾರಣಾಧಿಕಾರಿ, ಸಹೋದ್ಯೋಗಿಯ ನೆರವು, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ. ಸಸ್ಪೆಂಡ್ ಮಾಡಿದರೆ ಮೊದಲ 90 ದಿನ ಅರ್ಧ ಸಂಬಳ, ವಿಳಂಬ ನೌಕರರದ್ದಲ್ಲವಾದರೆ ಆಮೇಲೆ ಮುಕ್ಕಾಲು ಸಂಬಳ ಜೀವನಾಧಾರ ಭತ್ಯೆಯಾಗಿ ಸಲ್ಲಬೇಕು. ಮೊದಲ ತಪ್ಪಿಗೇ ವಜಾ ಬೇಡ. 'ಚಿಕಿತ್ಸೆಗೆ ಸೇರಿದರೆ ಶಿಕ್ಷೆ ತಡೆಹಿಡಿಯಲಾಗುವುದು' ಎಂಬ ದಾರಿ ಇಡಿ. ಬಸ್ಸು ಓಡಿಸುವಾಗ ಕುಡಿದಿದ್ದರೆ ಆ ಸಡಿಲಿಕೆ ನಾನು ಕೊಡುವುದಿಲ್ಲ. ಆ ಕೆಲಸಕ್ಕೆ ಅವರನ್ನು ಮತ್ತೆ ಹಾಕಬಾರದು.

ಕಾಂಟ್ರ್ಯಾಕ್ಟ್ ಕಾರ್ಮಿಕರಿಗೆ ಈ ಯಾವುದೂ ಸಿಗದೆ ಅದೇ ದಿನ ಹೊರಗೆ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಗುತ್ತಿಗೆದಾರರ ಜೊತೆಗಿನ ಒಪ್ಪಂದದಲ್ಲೇ ಚಿಕಿತ್ಸೆಯ ಕಲಂ ಸೇರಿಸಿ. ಅದೇ ಯಂತ್ರ, ಅದೇ ಅಪಾಯ, ಅದೇ ಕಾಯಿಲೆ.

ಒಂಬತ್ತನೇ ಹೆಜ್ಜೆ: ಚಿಕಿತ್ಸೆ, ವಾಪಸಾತಿ

ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಎಂಬ, ಕುಡಿತದ ಬಗೆಗಿನ ಹತ್ತು ಪ್ರಶ್ನೆಗಳ ಪಟ್ಟಿಯಿಂದ ಶುರುಮಾಡಿ. 8 ಅಥವಾ ಹೆಚ್ಚು ಅಂಕ ಬಂದರೆ ಎಚ್ಚರ ಹೇಳುವ ಮಟ್ಟ, 20 ಅಥವಾ ಹೆಚ್ಚು ಬಂದರೆ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ. ಖಾಸಗಿ ಕೇಂದ್ರವಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ ಎಂದು ಕೇಳಿ. ತೋರಿಸದಿದ್ದರೆ ಅಲ್ಲಿಗೆ ಕಳಿಸಬೇಡಿ. ಕಟ್ಟಿ ಹಾಕಿ ಹೊಡೆಯುವ ಜಾಗಗಳಿಂದ ವಾಪಸ್ ಬಂದವರ ಬೆನ್ನು ನೋಡಿದ್ದೇನೆ.

ಮನೆಯವರಿಗೂ ಒಂದು ಮಾತು ಹೇಳಬೇಕು. ಕುಡಿತ ಬಿಡಿಸುವ ಪುಡಿ, ಮಾತ್ರೆ ಎಂದು ಕಾಫಿಗೆ, ಸಾರಿಗೆ ಗೊತ್ತಾಗದಂತೆ ಬೆರೆಸುವುದು ನಮ್ಮಲ್ಲಿ ಬಹಳ. ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ತಿಳಿಯದೆ ಕುಡಿದರೆ ಎದೆಬಡಿತ, ರಕ್ತದೊತ್ತಡ ಏರುಪೇರಾಗಿ ಪ್ರಾಣವೇ ಹೋಗಬಹುದು. ಅದನ್ನು ವೈದ್ಯರ ಕಣ್ಣಡಿ, ತೆಗೆದುಕೊಳ್ಳುವವರ ಒಪ್ಪಿಗೆಯಲ್ಲಿ ಮಾತ್ರ ಕೊಡಬೇಕು.

ವಾಪಸ್ ಬರುವ ಮೊದಲ ದಿನ ಕಷ್ಟದ ದಿನ. ಸ್ಟೋರ್ಸ್ ಅಥವಾ ಇನ್‌ಸ್ಪೆಕ್ಷನ್‌ನಲ್ಲಿ ಕೆಲವು ವಾರ ಇರಲಿ, ಆಮೇಲೆ ಯಂತ್ರ. ರಾತ್ರಿ ಪಾಳಿ ಕೆಲವು ತಿಂಗಳು ಬೇಡ. ಫಾಲೋ-ಅಪ್ ದಿನ ಅರ್ಧ ದಿನದ ರಜೆ ಕಡಿತವಿಲ್ಲದೆ ಕೊಡಿ. ಮತ್ತೆ ಒಮ್ಮೆ ಜಾರಿದರೆ ಅದನ್ನು ಕಾಯಿಲೆ ಮರುಕಳಿಸಿದಂತೆ ನೋಡಿ, ಎರಡನೇ ಸಲ ಚಿಕಿತ್ಸೆಗೆ ಕಳಿಸಿ. ಎಷ್ಟು ಸಲದವರೆಗೆ ಎನ್ನುವುದು ನೀತಿಯಲ್ಲೇ ಬರೆದಿರಲಿ, ಮ್ಯಾನೇಜರ್ ಮನಸ್ಸಿನ ಮೇಲೆ ಬಿಡಬೇಡಿ. ನಮ್ಮ ಆ ಆಪರೇಟರ್ ಒಮ್ಮೆ ಜಾರಿದರು. ಎರಡನೇ ಸಲ ಹೋಗಿಬಂದವರು ಆಮೇಲೆ ಟೂಲ್ ರೂಮ್‌ನಲ್ಲಿ ನಿವೃತ್ತಿಯವರೆಗೆ ಇದ್ದರು. ನೀತಿ ತಿದ್ದುವ ಸಮಿತಿಯಲ್ಲಿ ಕಾರ್ಮಿಕರ ಕಡೆಯ ಒಬ್ಬರು ಅವರೇ.

ಮೇಲಿನ ಸಾಲುಗಳಲ್ಲಿ ಕೆಲವು ಅವರ ಸಲಹೆ. ಸಹಾಯವಾಣಿ ಸಂಖ್ಯೆಗಳನ್ನು ನೋಟಿಸ್ ಬೋರ್ಡಿಗೆ ಹಾಕಿದ್ದೆವು: ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ವ್ಯಸನಮುಕ್ತಿಗೆ 14446. 'ಅಲ್ಲಿ ನಿಂತು ನಂಬರ್ ಬರ್ಕೊಂಡ್ರೆ ಇಡೀ ಶಾಪ್‌ಗೆ ಗೊತ್ತಾಗುತ್ತೆ ಸರ್. ಟಾಯ್ಲೆಟ್ ಬಾಗಿಲ ಒಳಗಡೆ ಅಂಟಿಸಿ' ಅಂದರು. ಅಂದೇ ಸಂಜೆ ಅಂಟಿಸಿದೆವು, ಹೆಂಗಸರ ಕಡೆಯೂ.